ಲವಂಗದ ದ್ವೀಪದಲ್ಲಿ ಮೂರು ತಿಂಗಳು

ಈದ್‌ಗೋ ಮದುವೆಗೋ ಬಿರಿಯಾನಿ ಮಾಡುವಾಗ ನೀವು ಕಾದ ತುಪ್ಪಕ್ಕೆ ನಾಲ್ಕು ಲವಂಗ ಹಾಕುತ್ತೀರಿ. ಅದು ಉಬ್ಬಿ ಪರಿಮಳ ಬಿಟ್ಟೊಡನೆ ಈರುಳ್ಳಿ ಸುರಿಯುತ್ತೀರಿ. ಮೂವತ್ತು ವರ್ಷಗಳಿಂದ ನಾನೂ ಅಷ್ಟೇ ಮಾಡಿಕೊಂಡು ಬಂದವಳು. ಆ ಲವಂಗ ಎಲ್ಲಿ ಬೆಳೆಯಿತು, ಯಾರು ಕಿತ್ತರು, ಯಾರು ಒಣಗಿಸಿದರು ಎಂದು ಒಂದು ದಿನವೂ ಯೋಚಿಸಿದ್ದಿಲ್ಲ. 2023ರಲ್ಲಿ ಲವಂಗ ಬೆಳೆಯುವ ಒಂದು ದ್ವೀಪದಲ್ಲಿ ಮೂರು ತಿಂಗಳು ಇದ್ದು ಬರುವ ಅವಕಾಶ ಸಿಕ್ಕಿತು. ಹೋಗುವಾಗ ಒಲ್ಲದ ಮನಸ್ಸಿನಿಂದ ಹೋದೆ. ಬರುವಾಗ ನನ್ನ ತವರುಮನೆಯ ಒಂದು ಹಳೆಯ ಬಾಕಿಯನ್ನು ನೆನಪಿಸಿಕೊಂಡು ಬಂದೆ. ಆ ಕಥೆಯನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆನಿಸಿದೆ.

ಹೊನ್ನಾವರದಿಂದ ಹೊರಟೆವು

ನಮ್ಮವರು ಏ.ಸಿ. ಜೋಡಿಸುವ ಕಂಪೆನಿಯೊಂದರಲ್ಲಿ ಮೇಲ್ವಿಚಾರಕರು. ಪೂರ್ವ ಆಫ್ರಿಕದ ಝಾಂಜಿಬಾರ್ ದ್ವೀಪದಲ್ಲಿ ಕಟ್ಟುತ್ತಿದ್ದ ಒಂದು ಹೊಸ ಹೋಟೆಲಿನ ಗುತ್ತಿಗೆ ಅವರ ಕಂಪೆನಿಗೆ ಸಿಕ್ಕಿತ್ತು. "ಒಂದು ತಿಂಗಳ ಕೆಲಸ. ಮಗಳು ಗಂಡನ ಮನೆಯಲ್ಲಿ, ಮಗ ಬೆಂಗಳೂರಿನ ಹಾಸ್ಟೆಲಿನಲ್ಲಿ. ನೀನೊಬ್ಬಳೇ ಇಲ್ಲಿ ಏನು ಮಾಡ್ತೀ? ಬಾ, ಹೋಗಿ ಬರೋಣ" ಎಂದರು. ಉಮ್ರಾಕ್ಕೆ ಹೋದದ್ದು ಬಿಟ್ಟರೆ ನಾನು ವಿಮಾನ ಹತ್ತಿದವಳೇ ಅಲ್ಲ. ಒಂದೇ ತಿಂಗಳು ತಾನೇ ಎಂದು ಒಪ್ಪಿದೆ. ಸಾಮಾನು ತುಂಬಿದ ಕಂಟೇನರುಗಳು ಬರುವುದು ತಡವಾಗಿ ಆ ಒಂದು ತಿಂಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಳೆಯಿತು.

ಮುಂಬಯಿಯಿಂದ ವಿಮಾನದಲ್ಲಿ ದಾರೆಸ್ಸಲಾಮ್. ಆ ಊರಿನ ಹೆಸರಿಗೆ 'ಶಾಂತಿಯ ಮನೆ' ಎಂದು ಅರ್ಥ. ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ಸಮುದ್ರ ಸ್ವಲ್ಪ ಕುಣಿಯಿತು, ನನ್ನ ಹೊಟ್ಟೆಯೂ ಕುಣಿಯಿತು. ಕಣ್ಣು ಮುಚ್ಚಿ ದಿಕ್ರ್ ಹೇಳುತ್ತ ಕುಳಿತವಳಿಗೆ ನಮ್ಮವರು "ನೋಡು, ಬಂತು" ಎಂದಾಗ ಕಂಡದ್ದು ಹಸಿರು ನೀರು, ದಡದುದ್ದಕ್ಕೂ ಬಿಳಿಯ ಹಳೆಯ ಕಟ್ಟಡಗಳು, ಅವುಗಳ ಹಿಂದೆ ಮಿನಾರಗಳು, ತೆಂಗಿನ ಮರಗಳು.

ಝಾಂಜಿಬಾರ್ ಎಂದರೆ ಒಂದೇ ದ್ವೀಪವಲ್ಲ. ಉಂಗುಜಾ ಮತ್ತು ಪೆಂಬಾ ಎಂಬ ಎರಡು ದೊಡ್ಡ ದ್ವೀಪಗಳು, ಸುತ್ತ ಹಲವು ಚಿಕ್ಕ ದ್ವೀಪಗಳು. ರಾಜಧಾನಿ ಇರುವುದು ಉಂಗುಜಾದಲ್ಲಿ. 1963ರ ಡಿಸೆಂಬರಿನಲ್ಲಿ ಬ್ರಿಟಿಷರ ಕೈಯಿಂದ ಬಿಡುಗಡೆಯಾಯಿತು. ಮರುತಿಂಗಳೇ ನಡೆದ ಕ್ರಾಂತಿಯಲ್ಲಿ ಸುಲ್ತಾನರ ಆಡಳಿತ ಮುಗಿಯಿತು. 1964ರ ಏಪ್ರಿಲಿನಲ್ಲಿ ಮುಖ್ಯಭೂಮಿಯ ತಂಗನಿಕಾದೊಂದಿಗೆ ಸೇರಿತು. ಈಗಿನ ತಾಂಜಾನಿಯಾ ದೇಶ ಹುಟ್ಟಿದ್ದು ಹೀಗೆ. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 19 ಲಕ್ಷ. ಬಹುತೇಕ ಎಲ್ಲರೂ ಮುಸ್ಲಿಮರು. ಹೆಚ್ಚಿನವರು ನಮ್ಮ ಕರಾವಳಿಯವರಂತೆ ಶಾಫಿಈಗಳು.

ಬೀಬೀಯ ಮನೆ

ಹೋಟೆಲು ಇದ್ದದ್ದು ದ್ವೀಪದ ಪೂರ್ವ ತೀರದಲ್ಲಿ. ನಮಗೆ ಮನೆ ಸಿಕ್ಕಿದ್ದು ಪಶ್ಚಿಮದ ಹಳೆಯ ಪೇಟೆಯಲ್ಲಿ. ಅದಕ್ಕೆ 'ಸ್ಟೋನ್ ಟೌನ್' ಎನ್ನುತ್ತಾರೆ. ಹವಳದ ಕಲ್ಲು ಮತ್ತು ಸುಣ್ಣದಿಂದ ಕಟ್ಟಿದ ಮನೆಗಳು, ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದಾದ ಓಣಿಗಳು. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮನೆ ಬಾಗಿಲುಗಳೇ ಒಂದು ನೋಟ. ದಪ್ಪ ಮರಕ್ಕೆ ಹೂ ಬಳ್ಳಿ ಕೆತ್ತಿ, ಕೆಲವಕ್ಕೆ ಕುರ್‌ಆನಿನ ಅಕ್ಷರಗಳನ್ನೂ ಕೆತ್ತಿ, ಹಿತ್ತಾಳೆಯ ಗುಬಟುಗಳನ್ನು ಬಡಿದಿದ್ದಾರೆ. ಗುಜರಾತಿನಿಂದ ಬಂದ ವರ್ತಕರು ತಮ್ಮ ಊರಿನ ಬಾಗಿಲಿನ ಮಾದರಿಯನ್ನೂ ತಂದಿದ್ದರಂತೆ.

ನಮ್ಮವರು ಬೆಳಿಗ್ಗೆ ಏಳಕ್ಕೆ ಕಂಪೆನಿಯ ವ್ಯಾನಿನಲ್ಲಿ ಹೋದರೆ ಬರುತ್ತಿದ್ದುದು ಇಶಾ ಹೊತ್ತಿಗೆ. ಭಾಷೆ ಬರುವುದಿಲ್ಲ, ಓಣಿಯಲ್ಲಿ ದಾರಿ ತಪ್ಪುತ್ತದೆ. ಮೊದಲ ಹತ್ತು ದಿನ ನಾನು ಮಹಡಿಯ ಕಿಟಕಿ ಬಿಟ್ಟು ಕದಲಲಿಲ್ಲ. ಮಗಳಿಗೆ ಫೋನ್ ಮಾಡಿ ಅತ್ತದ್ದೂ ಉಂಟು.

ನನ್ನನ್ನು ಕಿಟಕಿಯಿಂದ ಎಬ್ಬಿಸಿದವರು ಮನೆಯೊಡತಿ. ಎಪ್ಪತ್ತು ದಾಟಿದ ವಿಧವೆ. ಎಲ್ಲರೂ ಅವರನ್ನು 'ಬೀಬೀ' ಎನ್ನುತ್ತಿದ್ದರು. ನಮ್ಮಲ್ಲಿ ಬೀಬಿ ಎಂದರೆ ಹೆಂಡತಿ ಅಥವಾ ಗೃಹಿಣಿ. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಬೀಬೀ ಎಂದರೆ ಅಜ್ಜಿ. ಒಂದು ಮಧ್ಯಾಹ್ನ ಬಾಗಿಲ ಹೊರಗಿನಿಂದ "ಹೋದೀ" ಎಂಬ ಕೂಗು ಕೇಳಿತು. ಒಳಗಿನವರು "ಕರೀಬು" ಎನ್ನುವವರೆಗೆ ಅಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಬೀಬೀ ಒಳಗೆ ಬಂದು ನನ್ನ ಮುಖ ನೋಡಿದರು, ಕೈ ಹಿಡಿದರು, ನೇರವಾಗಿ ಕೆಳಗಿನ ತಮ್ಮ ಅಡುಗೆ ಮನೆಗೆ ಕರೆದೊಯ್ದರು.

ಅಲ್ಲಿ ಕಂಡದ್ದೇನು ಗೊತ್ತೇ? ಕಾಯಿ ತುರಿಯುವ ಮಣೆ! ಕುಳಿತುಕೊಳ್ಳಲು ಮರದ ಹಲಗೆ, ಮುಂದೆ ಹಲ್ಲು ಹಲ್ಲಿನ ಕಬ್ಬಿಣದ ನಾಲಗೆ, ನಮ್ಮಲ್ಲಿರುವಂಥದ್ದೇ. ಅವರು ಅದಕ್ಕೆ 'ಮ್ಬೂಜಿ' ಎನ್ನುತ್ತಾರೆ. ಮೇಕೆ ಎಂದು ಅರ್ಥ. ನಾನು ಮಾತಿಲ್ಲದೆ ಅದರ ಮೇಲೆ ಕುಳಿತು ಎರಡು ಕಾಯಿ ತುರಿದು ಕೊಟ್ಟೆ. ಬೀಬೀ ಚಪ್ಪಾಳೆ ತಟ್ಟಿ ನಕ್ಕರು. ಆ ದಿನ ತೆಂಗಿನ ಹಾಲಿನ ಮೀನು ಸಾರು, ಚಪಾತಿ. ನನ್ನ ಅಳು ಅಲ್ಲಿಗೆ ನಿಂತಿತು.

ಭಾಷೆಯೂ ಅಷ್ಟೇನೂ ದೂರದ್ದಾಗಿರಲಿಲ್ಲ. ದುನಿಯಾ, ಕಿತಾಬು, ಕಲಾಮು, ಸಾಬೂನಿ, ವಕಾತಿ, ಹಬಾರಿ – ಇವುಗಳ ಅರ್ಥ ನಿಮಗೆ ಹೇಳಬೇಕಾಗಿಲ್ಲ. ಗಾಡಿಗೆ 'ಗಾರಿ', ಅಂಗಡಿಗೆ 'ದುಕಾ', ಲಕ್ಷಕ್ಕೆ 'ಲಾಕಿ'. ನೂರಾರು ವರ್ಷ ಅರಬರೂ ಭಾರತೀಯರೂ ಹಾಯಿ ಹಡಗಿನಲ್ಲಿ ಬಂದು ಹೋದದ್ದರ ಗುರುತು ಇದು. ವರ್ಷದ ಕೊನೆಗೆ ಈಶಾನ್ಯದಿಂದ ಬೀಸುವ ಗಾಳಿಯಲ್ಲಿ ಹಡಗುಗಳು ಅಲ್ಲಿಗೆ ಬರುತ್ತಿದ್ದವು, ಏಪ್ರಿಲ್ ನಂತರ ನೈಋತ್ಯದ ಗಾಳಿ ಎದ್ದಾಗ ಮರಳುತ್ತಿದ್ದವು. ನಾವು ಮಳೆಗಾಲಕ್ಕೆ ಹೇಳುವ 'ಮಾನ್ಸೂನ್' ಎಂಬ ಮಾತೂ ಅರಬರ 'ಮೌಸಿಮ್'ನಿಂದ ಬಂದದ್ದೇ.

ಗಡಿಯಾರದ ವಿಷಯದಲ್ಲಿ ಮಾತ್ರ ನಾನು ಮೋಸಹೋದೆ. ಒಂದು ದಿನ ಬೀಬೀ ಎರಡು ಬೆರಳು ತೋರಿಸಿ, ನಾಳೆ ಎರಡಕ್ಕೆ ತಯಾರಾಗು, ತೋಟಕ್ಕೆ ಹೋಗೋಣ ಎಂದರು. ನಾನು ಲುಹರ್ ಮುಗಿಸಿ ಬುರ್ಖಾ ಹಾಕಿಕೊಂಡು ಮಧ್ಯಾಹ್ನ ಎರಡಕ್ಕೆ ಕೆಳಗಿಳಿದರೆ ಬೀಬೀ ಮುನಿಸಿಕೊಂಡು ಕುಳಿತಿದ್ದಾರೆ! ಸ್ವಾಹಿಲಿ ಜನ ಹೊತ್ತು ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಅವರಿಗೆ ಎರಡು. ಪಾಪ, ಅವರು ಬೆಳಿಗ್ಗೆ ಎಂಟರಿಂದ ಕಾದಿದ್ದರು. ಶಿಕ್ಷಕಿಯಾಗಿದ್ದ ಅವರ ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಅವಳೇ ನಡುವೆ ನಿಂತು ನಮ್ಮನ್ನು ರಾಜಿ ಮಾಡಿಸಿದಳು. ಆಮೇಲೆ ನಮ್ಮಿಬ್ಬರ ನಾಲಗೆಯೂ ಅವಳೇ ಆದಳು.

ಲವಂಗದ ತೋಟ

ಮರುದಿನ ಸರಿಯಾಗಿ ಅವರ 'ಎರಡಕ್ಕೆ' ಹೊರಟೆವು. ಊರಿನ ಬಾಡಿಗೆ ವಾಹನಕ್ಕೆ 'ದಾಲಾದಾಲಾ' ಎನ್ನುತ್ತಾರೆ. ಕೋಳಿ, ಬಾಳೆಗೊನೆ, ಶಾಲೆಯ ಮಕ್ಕಳು, ನಾವು – ಎಲ್ಲರಿಗೂ ಅದರಲ್ಲಿ ಜಾಗವಿದೆ. ಹತ್ತಿದ ಪ್ರತಿಯೊಬ್ಬರೂ ಸಲಾಂ ಹೇಳುತ್ತಾರೆ.

ತೋಟದಲ್ಲಿ ನನಗೆ ಊರಿಗೇ ಬಂದಂತಾಯಿತು. ಹಲಸು, ದೀವಿಹಲಸು, ಬಿಂಬುಳಿ, ಕಾಳುಮೆಣಸಿನ ಬಳ್ಳಿ, ಅರಿಶಿನ, ಶುಂಠಿ, ಏಲಕ್ಕಿ, ದಾಲ್ಚಿನ್ನಿ, ಜಾಯಿಕಾಯಿ. ವಿದೇಶಿ ಪ್ರವಾಸಿಗರು ಪ್ರತಿಯೊಂದು ಎಲೆಯನ್ನೂ ಮೂಸಿ ಬೆರಗಾಗುತ್ತಿದ್ದರೆ, ನಾನು ತೋಟ ತೋರಿಸುವ ಹುಡುಗನಿಗೇ ಜಾಯಿಪತ್ರೆ ಒಣಗಿಸುವ ಬಗೆ ಹೇಳುತ್ತಿದ್ದೆ. ಲವಂಗದ ಮರದ ಎದುರು ಮಾತ್ರ ಬಾಯಿ ಕಟ್ಟಿತು. ಎತ್ತರದ ಮರ, ಕೊಂಬೆಯ ತುದಿಗಳಲ್ಲಿ ಗೊಂಚಲು ಗೊಂಚಲು ಮೊಗ್ಗು. ಹೌದು, ಲವಂಗ ಎಂದರೆ ಅರಳದ ಹೂವಿನ ಮೊಗ್ಗು. ಅರಳಿದರೆ ಬೆಲೆಯಿಲ್ಲ. ಹಸಿರು ತಿರುಗಿ ಕೆಂಪಾಗುವ ಹೊತ್ತಿಗೆ ಮರ ಹತ್ತಿ ಕೈಯಿಂದಲೇ ಕೀಳಬೇಕು. ತೊಟ್ಟು ಬಿಡಿಸಿ, ಚಾಪೆಯ ಮೇಲೆ ಹರಡಿ, ಹಲವು ದಿನ ಬಿಸಿಲಿಗೆ ಒಣಗಿಸಬೇಕು. ಮಳೆ ಹನಿಯಿತೆಂದರೆ ಹೆಂಗಸರೂ ಮಕ್ಕಳೂ ಓಡಿಬಂದು ಎತ್ತಿಡುತ್ತಾರೆ, ನಾವು ಹಪ್ಪಳ ಎತ್ತಿಡುವ ಹಾಗೆ. ಹಳ್ಳಿಯ ಅಂಗಳಗಳಲ್ಲಿ ಕಂದು ಬಣ್ಣದ ಲವಂಗದ ಹಾಸು. ಗಾಳಿಯೆಲ್ಲ ನಮ್ಮ ಮಸಾಲೆ ಡಬ್ಬಿಯ ಮುಚ್ಚಳ ತೆಗೆದ ಪರಿಮಳ.

ಈ ಮರ ಅಲ್ಲಿಯದ್ದಲ್ಲ. ಇಂಡೋನೇಷ್ಯಾದ ಮಲುಕು ದ್ವೀಪಗಳು ಇದರ ತವರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಝಾಂಜಿಬಾರಿಗೆ ಬಂತು. ಒಮಾನಿನ ದೊರೆ ಸಯ್ಯಿದ್ ಸಈದ್ ಬಿನ್ ಸುಲ್ತಾನ್ ಈ ದ್ವೀಪವನ್ನು ಎಷ್ಟು ಮೆಚ್ಚಿದನೆಂದರೆ, 1840ರ ಸುಮಾರಿಗೆ ಮಸ್ಕತ್ ಬಿಟ್ಟು ತನ್ನ ದರ್ಬಾರನ್ನೇ ಇಲ್ಲಿಗೆ ತಂದ. ಎಲ್ಲೆಲ್ಲೂ ಲವಂಗ ನೆಡಿಸಿದ. ಕೆಲವೇ ದಶಕಗಳಲ್ಲಿ ಲೋಕಕ್ಕೆ ಬೇಕಾದ ಲವಂಗದ ಬಹುಪಾಲು ಇಲ್ಲಿಂದಲೇ ಹೋಗತೊಡಗಿತು. 1872ರ ಚಂಡಮಾರುತ ಉಂಗುಜಾದ ತೋಟಗಳನ್ನು ನೆಲಸಮ ಮಾಡಿದ ಮೇಲೆ ಪೆಂಬಾ ದ್ವೀಪ ಮುಂದೆ ಬಂತು. ಇಂದಿಗೂ ಹೆಚ್ಚಿನ ಲವಂಗ ಪೆಂಬಾದ್ದೇ.

ಅರಮನೆಯ ಎದುರು

ಸಂಜೆ ಹೊತ್ತು ನಾವಿಬ್ಬರೂ ಕಡಲ ದಂಡೆಯ ಫೊರೊಧಾನಿ ಉದ್ಯಾನಕ್ಕೆ ಹೋಗುತ್ತಿದ್ದೆವು. ಅಲ್ಲಿ 'ಉರೊಜೊ' ಎಂಬ ಹುಳಿ ಹುಳಿ ಹಳದಿ ಸಾರು ಸಿಗುತ್ತದೆ. ಅದರಲ್ಲಿ ಭಜಿಯೂ ಆಲೂಗಡ್ಡೆಯೂ ತೇಲುತ್ತಿರುತ್ತವೆ. ಕುಡಿದರೆ ಮೂಗಿನಲ್ಲಿ ನೀರು! ಉದ್ಯಾನದ ಎದುರಿಗೇ ಸುಲ್ತಾನ್ ಬರ್ಗಶ್ 1883ರಲ್ಲಿ ಕಟ್ಟಿಸಿದ 'ಬೈತುಲ್ ಅಜಾಇಬ್', ಅಂದರೆ ಅಚ್ಚರಿಗಳ ಮನೆ. ವಿದ್ಯುತ್ ದೀಪವನ್ನು ಜನ ಮೊದಲು ಕಂಡದ್ದು ಅಲ್ಲಿಯೇ. 2020ರ ಡಿಸೆಂಬರಿನಲ್ಲಿ ದುರಸ್ತಿ ನಡೆಯುತ್ತಿರುವಾಗಲೇ ಅದರ ಒಂದು ಭಾಗ ಕುಸಿಯಿತು. ಇಬ್ಬರು ಕೆಲಸಗಾರರು ತೀರಿಕೊಂಡರು. ನಾವು ಕಂಡಾಗ ಅದು ಸಾರ್ವೆಗಳ ನಡುವೆ ನಿಂತಿತ್ತು.

ಪಕ್ಕದಲ್ಲಿ ಸುಲ್ತಾನರ ಅರಮನೆ. ಸಯ್ಯಿದ್ ಸಈದನ ಮಗಳು ಸಲ್ಮಾಳ ಕಥೆಯನ್ನು ಬೀಬೀಯ ಮೊಮ್ಮಗಳು ಹೇಳಿದ್ದು ಅದರ ಮುಂದೆಯೇ. 1844ರಲ್ಲಿ ಹುಟ್ಟಿದ ಈ ರಾಜಕುಮಾರಿಗೆ ಓದಲು ಕಲಿಸಿದರು, ಬರೆಯಲು ಕಲಿಸಲಿಲ್ಲ. ಹೆಣ್ಣಿಗೆ ಬರವಣಿಗೆ ಬೇಡವೆಂಬುದು ಅಂದಿನ ರೂಢಿ. ಅವಳು ಕದ್ದು ಮುಚ್ಚಿ, ಒಂಟೆಯ ಹೆಗಲ ಮೂಳೆಯ ಮೇಲೆ ಅಕ್ಷರ ತಿದ್ದಿ ತಾನೇ ಕಲಿತಳು. ಮುಂದೆ ಜರ್ಮನ್ ವರ್ತಕನನ್ನು ಮದುವೆಯಾಗಿ ದೇಶ, ಧರ್ಮ ಎರಡನ್ನೂ ಬಿಟ್ಟು ಹೋದಳು. ಆ ಬದುಕಿನಲ್ಲಿ ಸುಖಕ್ಕಿಂತ ದುಃಖವೇ ಹೆಚ್ಚಿತ್ತು. 1886ರಲ್ಲಿ ಜರ್ಮನ್ ಭಾಷೆಯಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿದಳು. ಆ ಕಾಲದ ಝಾಂಜಿಬಾರಿನ ಅಂತಃಪುರವನ್ನು ಇಂದು ಲೋಕ ತಿಳಿದಿರುವುದು ಬಹುಮಟ್ಟಿಗೆ ಆ ಪುಸ್ತಕದಿಂದ.

ನನಗೆ ತಟ್ಟನೆ ನಮ್ಮ ಊರು ನೆನಪಾಯಿತು. ಮಹಾಯಾತ್ರಿಕ ಇಬ್ನ್ ಬತೂತ 1331ರಲ್ಲಿ ಮೊಂಬಾಸ, ಕಿಲ್ವಾಗಳಿರುವ ಈ ಆಫ್ರಿಕದ ಕರಾವಳಿಯಲ್ಲಿ ಪ್ರಯಾಣ ಮಾಡಿದ್ದ. ಹತ್ತು ವರ್ಷ ಕಳೆದ ಮೇಲೆ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರು, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿಟ್ಟಿದ್ದಾನೆ. ಇದನ್ನು ಹೇಳುವಾಗ ನನ್ನ ಧ್ವನಿಯಲ್ಲಿ ಸ್ವಲ್ಪ ಜಂಬವೂ ಇತ್ತೆನ್ನಿ. ಬೀಬೀ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಕೇಳಿದರು: "ಆ ಅರಮನೆಯ ಕಲ್ಲು ಹೊತ್ತವರು ಯಾರು ಗೊತ್ತೇ ನಿನಗೆ?"

ಸರಪಳಿ

ಮರುದಿನ ಅವರೇ ನನ್ನನ್ನು ಒಂದು ಚರ್ಚಿನ ಆವರಣಕ್ಕೆ ಕರೆದುಕೊಂಡು ಹೋದರು. ಹಿಂದೆ ಅಲ್ಲಿ ಗುಲಾಮರ ಸಂತೆ ನಡೆಯುತ್ತಿತ್ತು. ಮುಖ್ಯಭೂಮಿಯ ಒಳನಾಡಿನ ಹಳ್ಳಿಗಳಿಂದ ಹಿಡಿದು ತಂದ ಗಂಡಸರು, ಹೆಂಗಸರು, ಮಕ್ಕಳು ನೂರಾರು ಮೈಲಿ ನಡೆದು ಕಡಲ ತೀರ ಸೇರುತ್ತಿದ್ದರು. ದಾರಿಯಲ್ಲಿ ಸತ್ತವರನ್ನು ಲೆಕ್ಕವಿಟ್ಟವರಿಲ್ಲ. ಬದುಕಿ ಉಳಿದವರು ಹಡಗಿನಲ್ಲಿ ಇಲ್ಲಿಗೆ ಬಂದು ಮಾರಾಟವಾಗುತ್ತಿದ್ದರು. ಲವಂಗದ ತೋಟಗಳಲ್ಲಿ ದುಡಿದವರು ಅವರೇ. ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ್ ಬರ್ಗಶ್ 1873ರಲ್ಲಿ ಈ ಸಂತೆ ಮುಚ್ಚಿಸಿದ. ಗುಲಾಮಗಿರಿಯನ್ನೇ ಕಾನೂನಿನಿಂದ ಕೊನೆಗೊಳಿಸಿದ್ದು 1897ರಲ್ಲಿ.

ಅಂಗಳದಲ್ಲಿ ಒಂದು ತಗ್ಗು. ಅದರೊಳಗೆ ಕಲ್ಲಿನ ಐದು ಮನುಷ್ಯರು, ಕೊರಳಿಗೆ ನಿಜವಾದ ಕಬ್ಬಿಣದ ಸರಪಳಿ. 1998ರಲ್ಲಿ ಸ್ವೀಡನ್ನಿನ ಕಲಾವಿದೆಯೊಬ್ಬರು ಮಾಡಿದ ಸ್ಮಾರಕ. ನಾನು ಬೇರೆಯವರ ಕಥೆ ನೋಡುವಂತೆ ನೋಡುತ್ತಿದ್ದೆ. ಬೀಬೀ ನಿಧಾನವಾಗಿ ಹೇಳಿದರು, ಮೊಮ್ಮಗಳು ಅನುವಾದಿಸಿದಳು: "ನನ್ನ ಅಜ್ಜಿಯ ತಾಯಿ ಇಂಥ ಸರಪಳಿಯಲ್ಲಿ ಬಂದವಳು. ಅವಳ ಹುಟ್ಟೂರು ಯಾವುದೆಂದು ನಮಗೆ ಗೊತ್ತಿಲ್ಲ. ಅವಳ ಹೆತ್ತವರು ಇಟ್ಟ ಹೆಸರೂ ಗೊತ್ತಿಲ್ಲ. ಯಜಮಾನ ಕರೆದ ಹೆಸರು ಮಾತ್ರ ಉಳಿದಿದೆ."

ನಾನೇನು ಹೇಳಲಿ? ಮಾರಿದವರಲ್ಲಿ, ಕೊಂಡವರಲ್ಲಿ ನಮ್ಮ ಹಾಗೆ ನಮಾಝ್ ಮಾಡುವವರಿದ್ದರು. ಈ ವ್ಯಾಪಾರಕ್ಕೆ ಸಾಲ ಕೊಟ್ಟವರಲ್ಲಿ, ಗುಲಾಮರನ್ನು ಇಟ್ಟುಕೊಂಡವರಲ್ಲಿ ಭಾರತದಿಂದ ಹೋದ ವರ್ತಕರೂ ಇದ್ದರು. 1860ರ ಸುಮಾರಿಗೆ ಬ್ರಿಟಿಷ್ ಪ್ರತಿನಿಧಿ ಈ ಭಾರತೀಯರ ಕೈಯಿಂದ ಸಾವಿರಾರು ಗುಲಾಮರನ್ನು ಬಿಡಿಸಬೇಕಾಯಿತು. ಗುಲಾಮರನ್ನು ಬಿಡುಗಡೆ ಮಾಡುವುದು ಎಷ್ಟು ದೊಡ್ಡ ಪುಣ್ಯವೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಕಲಿತದ್ದು ಬೇರೆ, ಲಾಭ ಎದುರಿಗಿದ್ದಾಗ ನಡೆದದ್ದು ಬೇರೆ. ಎಷ್ಟೋ ಕಾಲ ಮನಸ್ಸಿನಲ್ಲಿ ಕೂಡಿಟ್ಟ ಈ ಕಹಿ 1964ರ ಕ್ರಾಂತಿಯಲ್ಲಿ ಸಿಡಿಯಿತು. ಆಗ ಸಾವಿರಾರು ಅರಬರೂ ಭಾರತೀಯರೂ ಸತ್ತರು, ಉಳಿದವರಲ್ಲಿ ಅನೇಕರು ಓಡಿಹೋದರು. ಅವರಲ್ಲಿ ಏನೂ ತಪ್ಪು ಮಾಡದವರೂ ಇದ್ದರು. ಅದೂ ಒಂದು ಅನ್ಯಾಯವೇ.

ಮನೆಗೆ ಬರುವ ದಾರಿಯಲ್ಲಿ ಓಣಿಯ ಮಕ್ಕಳು ಎಂದಿನಂತೆ "ಶಿಕಮೂ" ಎಂದರು. ಹಿರಿಯರನ್ನು ಕಂಡರೆ ಮಕ್ಕಳು ಹೇಳುವ ಮಾತು ಇದು. ಹಿರಿಯರು "ಮರಹಬಾ" ಎಂದು ಉತ್ತರಿಸಬೇಕು. ಅದರ ಅರ್ಥವನ್ನು ಆ ದಿನ ಕೇಳಿದೆ. 'ನಿಮ್ಮ ಪಾದ ಹಿಡಿದೆ' ಎಂದರ್ಥವಂತೆ. "ಹಿಂದೆ ಗುಲಾಮರು ಯಜಮಾನನಿಗೆ ಹೇಳಬೇಕಾಗಿದ್ದ ಮಾತು" ಎಂದರು ಬೀಬೀ. "ಈಗ ನೋಡು, ಮೀನು ಮಾರುವವಳಿಗೂ ಹೇಳುತ್ತಾರೆ, ಮಂತ್ರಿಗೂ ಹೇಳುತ್ತಾರೆ. ವಯಸ್ಸು ಒಂದೇ ಲೆಕ್ಕ. ಕಸ ಗುಡಿಸುವವಳು ನನಗಿಂತ ದೊಡ್ಡವಳಾದರೆ ನಾನೇ ಮೊದಲು ಹೇಳಬೇಕು."

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ಆಮೇಲೆ ಹೇಳುತ್ತೇನೆ.

ಕಡಲಲ್ಲಿ ಬೇಸಾಯ

ಸೆಪ್ಟೆಂಬರಿನಲ್ಲಿ ಒಂದು ದಿನ ನಮ್ಮವರ ಜೊತೆ ವ್ಯಾನಿನಲ್ಲಿ ಪೂರ್ವ ತೀರದ ಪಾಜೆಗೆ ಹೋದೆ. ದಾರಿಯಲ್ಲಿ ಜೊಜಾನಿ ಕಾಡು ಸಿಗುತ್ತದೆ. ಝಾಂಜಿಬಾರ್ ಬಿಟ್ಟು ಬೇರೆಲ್ಲೂ ಇಲ್ಲದ ಕೆಂಪು ಬೆನ್ನಿನ ಕೋತಿಗಳು ಅಲ್ಲಿವೆ. ಮಾವಿನ ಎಲೆ, ಕಾಡುಬಾದಾಮಿಯ ಎಲೆ ತಿಂದು ಹೊಟ್ಟೆ ಕೆಡದಿರಲೆಂದು ಅವು ಇದ್ದಿಲು ತಿನ್ನುತ್ತವಂತೆ. ನಮ್ಮ ಮನೆಮದ್ದು ಕೋತಿಗೂ ಗೊತ್ತು ನೋಡಿ!

ಪಾಜೆಯಲ್ಲಿ ಇಳಿತದ ಹೊತ್ತಿಗೆ ಕಡಲು ಬಲು ದೂರ ಸರಿದು ಹೋಗುತ್ತದೆ. ಆಗ ಊರಿನ ಹೆಂಗಸರು ಮೊಣಕಾಲುದ್ದದ ನೀರಿಗೆ ಇಳಿಯುತ್ತಾರೆ. ಅವರದ್ದು ಕಡಲಕಳೆಯ ಬೇಸಾಯ. ಮರಳಿನಲ್ಲಿ ಸಾಲಾಗಿ ಕೋಲು ನೆಟ್ಟು, ನಡುವೆ ಹಗ್ಗ ಬಿಗಿದು, ಹಗ್ಗಕ್ಕೆ ಕಳೆಯ ತುಂಡುಗಳನ್ನು ಕಟ್ಟುತ್ತಾರೆ. ಆರು ವಾರಗಳಷ್ಟರಲ್ಲಿ ಬೆಳೆ ಬರುತ್ತದೆ. ಹಸಿ ಕಳೆಯ ಭಾರದ ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದು ದಡದಲ್ಲಿ ಒಣಗಿಸುತ್ತಾರೆ. ಇದರಿಂದ ತೆಗೆಯುವ ಅಂಟು ಟೂತ್‌ಪೇಸ್ಟಿಗೂ ಐಸ್‌ಕ್ರೀಮಿಗೂ ಬೇಕು. ನೀವು ಇಂದು ಬೆಳಿಗ್ಗೆ ಹಲ್ಲುಜ್ಜಿದ ಪೇಸ್ಟಿನಲ್ಲೂ ಅಂಥ ಹೆಂಗಸರ ಬೆವರು ಇರಬಹುದು.

ಈ ಬೇಸಾಯ ಅಲ್ಲಿ ಶುರುವಾದದ್ದು 1989ರ ಸುಮಾರಿಗೆ. ದುಡ್ಡು ಕಡಿಮೆ, ನೀರಲ್ಲಿ ಬಗ್ಗಿ ನಿಲ್ಲುವ ಕೆಲಸ. ಗಂಡಸರು ಹೆಚ್ಚು ಬರಲಿಲ್ಲ. ಹೆಂಗಸರು ಬಂದರು. ಮೊದಲ ಸಲ ಅವರ ಕೈಯಲ್ಲಿ ಸ್ವಂತದ ಕಾಸು ಆಡಿತು. ಮಕ್ಕಳ ಶಾಲೆ, ಮನೆಯ ಮಾಡು, ಪಾತ್ರೆ ಪಗಡ ಎಲ್ಲ ಅದರಿಂದಲೇ ಎಂದು ಒಬ್ಬ ತಾಯಿ ಹೆಮ್ಮೆಯಿಂದ ಹೇಳಿದಳು. ಆದರೆ ಈಗ ಆತಂಕವೂ ಇದೆ. ಸಮುದ್ರದ ನೀರು ಬಿಸಿಯಾಗುತ್ತಿದೆ. ಹೆಚ್ಚು ಬೆಲೆ ಬರುವ ತಳಿ ದಡದ ಹತ್ತಿರ ಕೊಳೆತು ಸಾಯುತ್ತದೆ. ಆಳಕ್ಕೆ ಹೋದರೆ ಬೆಳೆಯುತ್ತದೆ, ಆದರೆ ಈಜು ಬಾರದು. ಅದಕ್ಕೆ ಕೆಲವು ಹೆಂಗಸರು ನಡುವಯಸ್ಸಿನಲ್ಲಿ, ಮೈ ಮುಚ್ಚುವ ಉಡುಪಿನಲ್ಲೇ ಈಜು ಕಲಿಯುತ್ತಿದ್ದಾರೆ. ಇನ್ನು ಕೆಲವರು ಕಳೆಯನ್ನು ಅರೆದು, ಲವಂಗದ ಎಣ್ಣೆ ಬೆರೆಸಿ ಸಾಬೂನು ಮಾಡಿ ಮಾರುತ್ತಾರೆ. ಈ ದ್ವೀಪದಲ್ಲಿ ಹುಟ್ಟಿದ ಸಾಮಿಯಾ ಸುಲುಹು ಹಸನ್ 2021ರಲ್ಲಿ ತಾಂಜಾನಿಯಾದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಆದರೆ ನನ್ನ ಕಣ್ಣಲ್ಲಿ ಉಳಿದದ್ದು ನೀರಿನಲ್ಲಿ ಬಗ್ಗಿ ನಿಂತ ಆ ಬೆನ್ನುಗಳು.

ಇನ್ನೊಂದು ರವಿವಾರ ದಕ್ಷಿಣದ ಕಿಝಿಮ್‌ಕಾಝಿಗೆ ಹೋದೆವು. ಹೊರಗಿನಿಂದ ನೋಡಿದರೆ ಹಳ್ಳಿಯ ಸಾಧಾರಣ ಮಸೀದಿ, ಮೇಲೆ ತಗಡಿನ ಮಾಡು. ಒಳಗೆ ಮಿಹ್ರಾಬಿನ ಹವಳದ ಕಲ್ಲಿನಲ್ಲಿ ಹಳೆಯ ಕೂಫಿ ಲಿಪಿಯ ಬರಹ. ಅದರಲ್ಲಿ ಕಾಣುವುದು ಹಿಜರಿ 500, ಅಂದರೆ ಕ್ರಿ.ಶ. 1107. ಒಂಬೈನೂರು ವರ್ಷಗಳಿಂದ ಸಜ್ದಾ ಮಾಡಿದ ಜಾಗ. ಸುಲ್ತಾನರು ಬಂದರು, ಹೋದರು. ಅರಮನೆ ಕುಸಿಯಿತು. ಒಡೆಯನೂ ಆಳೂ ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಆ ಪುಟ್ಟ ಮಸೀದಿ ಉಳಿದಿದೆ.

ಕಾಂಗಾದ ಜೋಡಿ

ಹೊರಡುವ ಹಿಂದಿನ ದಿನ ಬೀಬೀ ನನಗೆ ಕಾಂಗಾ ಕೊಟ್ಟರು. ಅಲ್ಲಿಯ ಹೆಂಗಸರು ಸೊಂಟಕ್ಕೆ, ತಲೆಗೆ ಸುತ್ತುವ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹತ್ತಿ ಬಟ್ಟೆ ಅದು. ಸುತ್ತಲೂ ಅಂಚು, ನಡುವೆ ಚಿತ್ತಾರ, ಕೆಳಗೆ ಒಂದು ಸಾಲು ಮಾತು. ಬಾಯಿಂದ ಹೇಳಲಾಗದ್ದನ್ನು ಹೆಂಗಸರು ಕಾಂಗಾ ಉಟ್ಟು ಹೇಳುತ್ತಾರೆ. ಅತ್ತೆಗೆ ಸೊಸೆ, ನೆರೆಯವಳಿಗೆ ನೆರೆಯವಳು! ಈ ಬಟ್ಟೆಗಳಲ್ಲಿ ಎಷ್ಟೋ ನಮ್ಮ ಭಾರತದಲ್ಲೇ ಅ‌ಚ್ಚಾಗಿ ಅಲ್ಲಿಗೆ ಹೋಗುತ್ತವೆ. ನನ್ನ ಕಾಂಗಾದ ಮೇಲಿದ್ದುದು ಅಲ್ಲಿಯ ಗಾದೆ: "ಹರಾಕಾ ಹರಾಕಾ ಹೈನಾ ಬರಾಕಾ." ಆತುರಕ್ಕೆ ಬರಕತ್ ಇಲ್ಲ ಎಂದರ್ಥ. ಕಾಂಗಾ ಯಾವಾಗಲೂ ಎರಡು ತುಂಡುಗಳ ಜೋಡಿಯಾಗಿಯೇ ಬರುತ್ತದೆ. "ಒಂದು ನಿನಗೆ, ಇನ್ನೊಂದು ನಿನ್ನ ಊರಿನಲ್ಲಿ ಯಾರಿಗೆ ಕೊಡಬೇಕೆನಿಸುತ್ತದೋ ಅವರಿಗೆ" ಎಂದರು ಬೀಬೀ. ಯಾರಿಗೆಂದು ನನಗೆ ಆಗಲೇ ಗೊತ್ತಿತ್ತು.

ಈಗ ಆ ರಾತ್ರಿ ನಿದ್ದೆ ಬಾರದ ಕಾರಣ ಹೇಳುತ್ತೇನೆ. ನನ್ನ ತವರು ಹಳಿಯಾಳದ ಕಡೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರು ಝಾಂಜಿಬಾರಿನಿಂದಲೇ ಬಂದವರೆಂದಲ್ಲ. ಆದರೆ ಅವರ ಪೂರ್ವಜರೂ ಆಫ್ರಿಕದವರೇ. ಹೆಚ್ಚಿನವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎಲ್ಲರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ.

ನಮ್ಮ ಅಬ್ಬಾನ ಗದ್ದೆಯಲ್ಲಿ ಒಬ್ಬ ಸಿದ್ದಿ ಹೆಂಗಸು ನಾಟಿಗೆ, ಕೊಯ್ಲಿಗೆ ಬರುತ್ತಿದ್ದಳು. ನಮ್ಮಂತೆಯೇ ಕಲಿಮಾ ಹೇಳುವವಳು, ನಮ್ಮಂತೆಯೇ ರೋಝಾ ಹಿಡಿಯುವವಳು. ಅವಳು ಊಟಕ್ಕೆ ಕೂರುತ್ತಿದ್ದುದು ಹಿತ್ತಲ ಕಟ್ಟೆಯಲ್ಲಿ. ಅವಳ ಚಹಾದ ಲೋಟ ಬೇರೆ. ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಅಮ್ಮನ ವಯಸ್ಸಿನ ಬೇರೆ ಎಲ್ಲ ಹೆಂಗಸರಿಗೂ ನಾವು ಮಕ್ಕಳು ಖಾಲಾ, ಫುಫು, ಚಾಚಿ ಎನ್ನುತ್ತಿದ್ದೆವು. ಅವಳನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದೆವು. ಹಝ್ರತ್ ಬಿಲಾಲ್(ರ)ರ ಕಥೆಯನ್ನು ಅಮ್ಮ ಕಣ್ಣೀರು ಹಾಕಿಕೊಂಡು ಹೇಳುತ್ತಿದ್ದದ್ದೂ ಅದೇ ಮನೆಯಲ್ಲಿ. ಎರಡರ ನಡುವೆ ಏನಾದರೂ ಸಂಬಂಧವಿದೆಯೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಸುಲ್ತಾನರನ್ನು ದೂರುತ್ತ ಮಲಗಿದ್ದ ನನಗೆ ಆ ರಾತ್ರಿ ಗೂಡಿನಲ್ಲಿದ್ದ ಆ ಲೋಟ ಕಂಡಿತು.

ನವೆಂಬರಿನಲ್ಲಿ ತವರಿಗೆ ಹೋದಾಗ ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಅಸ್ಸಲಾಮು ಅಲೈಕುಮ್, ಖಾಲಾ" ಎಂದೆ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದೆನೆಂದು. ಮತ್ತೊಮ್ಮೆ ಹೇಳಿದೆ. ಗುರುತು ಹಿಡಿದು ಕೈ ಹಿಡಿದುಕೊಂಡರು. ಕಾಂಗಾ ಕೊಟ್ಟು, ಬೀಬೀಯ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. "ನಮ್ಮ ದೊಡ್ಡಮ್ಮನ ಹಾಗೇ ಇದ್ದಾಳೆ" ಎಂದರು. ಆಮೇಲೆ ನನ್ನನ್ನು ಕೂರಿಸಿ, ಒಳಗೆ ಹೋಗಿ, ಬಹಳ ಹೊತ್ತು ಏನನ್ನೋ ಹುಡುಕಿದರು. ಹೊರಗೆ ಬಂದಾಗ ಕೈಯಲ್ಲಿ ಹೂವಿನ ಚಿತ್ರದ ಪಿಂಗಾಣಿ ಕಪ್ಪು. ಆ ಮನೆಯಲ್ಲಿದ್ದ ಒಂದೇ ಒಳ್ಳೆಯ ಕಪ್ಪು ಅದು. ನನಗಾಗಿ ತೊಳೆದು ತಂದಿದ್ದರು. ಚಹಾದಲ್ಲಿ ಒಂದು ಲವಂಗವನ್ನೂ ಜಜ್ಜಿ ಹಾಕಿದ್ದರು.

ಕ್ಷಮೆ ಕೇಳಬೇಕೆಂದು ಹೋದವಳು ನಾನು. ಮಾತು ಹೊರಡಲಿಲ್ಲ. ಚಹಾ ಕುಡಿದೆ, ಕೌದಿಯ ಮೂಲೆಗೆ ಅವರು ಬಣ್ಣದ ಚಿಂದಿಗಳನ್ನು ಮಡಚಿ ಹೂ ಹೊಲಿಯುವುದನ್ನು ನೋಡುತ್ತ ಕುಳಿತೆ. ಹೊರಟಾಗ "ಇನ್ನೊಮ್ಮೆ ಬಾ ಮಗಳೇ" ಎಂದರು. ಅಷ್ಟೇ.

ಸಹೋದರಿಯರೇ, ದೂರದ ದ್ವೀಪಕ್ಕೆ ಹೋಗುವ ಅವಕಾಶ ನಿಮಗೆ ಸಿಗಬಹುದು, ಸಿಗದೆಯೂ ಇರಬಹುದು. ಸಿಕ್ಕರೆ ಖಂಡಿತ ಹೋಗಿ ಬನ್ನಿ. ಗಂಡನ ಕೆಲಸಕ್ಕೆಂದು ಹೋದರೂ ಕಿಟಕಿಯ ಬಳಿಯೇ ಕುಳಿತಿರಬೇಡಿ. ಹೋಗಲಾಗದಿದ್ದರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಮಸಾಲೆ ಡಬ್ಬಿಯಿಂದ ಲವಂಗ ತೆಗೆಯುವಾಗ ಒಮ್ಮೆ ಅಡುಗೆಮನೆಯ ಸುತ್ತ ಕಣ್ಣಾಡಿಸಿ. ಯಾರಿಗಾದರೂ ಬೇರೆ ಲೋಟ ಇಟ್ಟಿದ್ದೀರಾ? ನಿಮ್ಮ ಮಕ್ಕಳು ಯಾವ ಹಿರಿಯಳನ್ನಾದರೂ ಬರಿಯ ಹೆಸರು ಹಿಡಿದು ಕರೆಯುತ್ತಾರಾ? ಇದ್ದರೆ, ತಿದ್ದಿಕೊಳ್ಳಲು ನನ್ನ ಹಾಗೆ ನಲವತ್ತು ವರ್ಷ ಕಾಯಬೇಡಿ.